ಸಾಸೇಜ್ ಓಡುತ್ತೆ, ಊರು ಕಾಣುತ್ತೆ
ಬೇಸ್‌ಬಾಲ್ ಬಿಡುವಿನ ವೇಷದ ಓಟಗಳ ಬಗ್ಗೆ ಒಂದು ಪರಿಚಯ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಮೊದಮೊದಲು ಅಷ್ಟಾಗಿ ಹತ್ತುವುದಿಲ್ಲ. ಒಟ್ಟು ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲೂ ಎರಡು ತಂಡಗಳು ಒಂದಾದ ಮೇಲೊಂದು ಬ್ಯಾಟ್ ಮಾಡುತ್ತವೆ. ಹೀಗೆ ತಂಡ ಬದಲಾದಾಗಲೆಲ್ಲ ಎರಡು ನಿಮಿಷದ ಆಸುಪಾಸು ಬಿಡುವು. ಆ ಬಿಡುವಿನಲ್ಲಿ ಜನ ಎದ್ದು ಹೋಗಬಾರದು, ಮಕ್ಕಳು ರಚ್ಚೆ ಹಿಡಿಯಬಾರದು ಅಂತ ತಂಡಗಳು ಕಂಡುಕೊಂಡ ಉಪಾಯಗಳಲ್ಲಿ ವೇಷ ತೊಟ್ಟವರ ಓಟವೂ ಒಂದು. ಆಟದ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಯಾರು ಓಡುತ್ತಾರೆ ಅಂತ ಗಮನಿಸಿದರೆ ಆ ಊರಿನ ಕಥೆಯೇ ಸಿಗುತ್ತದೆ.

ಯಾವ ಊರಲ್ಲಿ ಯಾರ ಓಟ?

ಹೆಸರುವಾಸಿಯಾದದ್ದು ವಿಸ್ಕಾನ್ಸಿನ್‌ನ ಮಿಲ್ವಾಕೀ ಬ್ರೂವರ್ಸ್ ತಂಡದ ಸಾಸೇಜ್ ಓಟ. ಸಾಸೇಜ್ ಅಂದರೆ ಮಸಾಲೆ ಬೆರೆಸಿದ ಮಾಂಸವನ್ನು ಕೊಳವೆಯಂತೆ ಉದ್ದಕ್ಕೆ ತುಂಬಿ ಮಾಡುವ ತಿನಿಸು. ಮೊದಲು ಸ್ಕೋರ್‌ಬೋರ್ಡ್ ಮೇಲೆ ಕಾರ್ಟೂನ್ ಆಗಿದ್ದ ಓಟ 1990ರ ದಶಕದಲ್ಲಿ ನಿಜವಾದ ವೇಷಗಳೊಂದಿಗೆ ಮೈದಾನಕ್ಕಿಳಿಯಿತು. ಆಗ ಓಡಿದ್ದು ಜರ್ಮನ್ ಮೂಲದ ಬ್ರಾಟ್‌ವರ್ಸ್ಟ್, ಪೋಲಿಷ್ ಮತ್ತು ಇಟಾಲಿಯನ್ ಸಾಸೇಜ್‌ಗಳು. ಆಮೇಲೆ ಹಾಟ್ ಡಾಗ್ ಸೇರಿತು. ಮೆಕ್ಸಿಕನ್ ಟೋಪಿ ಹಾಕಿಕೊಂಡ ಚೊರೀಸೊ 2006ರಲ್ಲಿ ಒಂದು ದಿನ ಓಡಿ, 2007ರಿಂದ ಕಾಯಂ ಆಯಿತು. ಊರಿಗೆ ವಲಸೆ ಬಂದವರ ಪಟ್ಟಿಯನ್ನೇ ಸಾಲಾಗಿ ನಿಲ್ಲಿಸಿ ಓಡಿಸಿದ ಹಾಗಿದೆ, ಅಲ್ವಾ?

ಪಿಟ್ಸ್‌ಬರ್ಗ್‌ನಲ್ಲಿ 1999ರಿಂದ ಪಿರೋಗಿಗಳ ಓಟ. ಪಿರೋಗಿ ಅಂದರೆ ಪೂರ್ವ ಯುರೋಪಿನವರು ತಂದ, ನಮ್ಮ ಕಡುಬಿನ ಹಾಗೆ ಒಳಗೆ ಹೂರಣವಿರುವ ತಿಂಡಿ. ರಾಜಧಾನಿ ವಾಷಿಂಗ್ಟನ್‌ನಲ್ಲಿ ದೊಡ್ಡ ತಲೆಯ ಅಧ್ಯಕ್ಷರೇ ಓಡುತ್ತಾರೆ. ಅಲ್ಲಿ 2006ರಲ್ಲಿ ಶುರುವಾದ ಓಟದಲ್ಲಿ ಟೆಡ್ಡಿ ರೂಸ್‌ವೆಲ್ಟ್ ವೇಷಧಾರಿ 500ಕ್ಕೂ ಹೆಚ್ಚು ಸಲ ಸೋತು, 2012ರ ಅಕ್ಟೋಬರ್ 3ರಂದು ಮೊದಲ ಬಾರಿ ಗೆದ್ದ. ಸೋಲುವುದೂ ಮೊದಲೇ ಬರೆದಿಟ್ಟ ಕಥೆ ಅಂತ ಗೊತ್ತಿದ್ದರೂ ಜನ ಅವನ ಪರವಾಗಿಯೇ ಕೂಗುತ್ತಿದ್ದರು!

ನಮ್ಮ ಹತ್ತಿರ ಎಲ್ಲಿ ನೋಡಬಹುದು?

ಬ್ರಾಂಕ್ಸ್‌ನ ಯಾಂಕೀ ಸ್ಟೇಡಿಯಂನಲ್ಲಿ ವೇಷವಿಲ್ಲ. ದೊಡ್ಡ ಪರದೆ ಮೇಲೆ ಬಿ, ಡಿ, 4 ನಂಬರಿನ ಸಬ್‌ವೇ ರೈಲುಗಳು ಓಡುತ್ತವೆ. ಕ್ರೀಡಾಂಗಣದ ನಿಲ್ದಾಣಕ್ಕೆ ಬರುವುದೂ ಇವೇ ಮೂರು.

ನಿಜವಾದ ವೇಷದ ಓಟ ಬೇಕಂದ್ರೆ ಕೋನಿ ಐಲೆಂಡ್‌ಗೆ ಹೋಗಬೇಕು. ಅಲ್ಲಿ ಮೆಟ್ಸ್ ತಂಡದ ಕೆಳಹಂತದ ತಂಡವಾದ ಬ್ರೂಕ್ಲಿನ್ ಸೈಕ್ಲೋನ್ಸ್ 2001ರಿಂದ ಆಡುತ್ತಿದೆ. ಇಲ್ಲಿ ಹಾಟ್ ಡಾಗ್‌ಗಳ ಪೈಪೋಟಿ: ಕೆಚಪ್, ಮಸ್ಟರ್ಡ್, ರೆಲಿಶ್. ಪೋಲೆಂಡ್‌ನಿಂದ ಬಂದ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಐದು ಸೆಂಟ್‌ಗೆ ಹಾಟ್ ಡಾಗ್ ಮಾರಲು ಶುರು ಮಾಡಿದ್ದು ಇದೇ ಬೀದಿಗಳಲ್ಲಿ. ನ್ಯೂ ಜೆರ್ಸಿ ಕಡೆಯಿಂದ ಬರುವವರು ಪಾತ್ ರೈಲಿನಲ್ಲಿ 33ನೇ ಬೀದಿಗೆ ಬಂದು, ಅಲ್ಲೇ ಡಿ, ಎಫ್, ಎನ್ ಅಥವಾ ಕ್ಯೂ ಹತ್ತಿ ಕೊನೇ ಸ್ಟಾಪ್‌ನಲ್ಲಿ ಇಳಿದರಾಯ್ತು.

ವೇಷದೊಳಗಿನ ಮನುಷ್ಯ

ಇದು ನಮಗೆ ಹೊಸದೇನಲ್ಲ. ಮೈಸೂರು ದಸರಾ ಮೆರವಣಿಗೆಯ ಗಾರುಡಿ ಗೊಂಬೆಯಲ್ಲೂ ಬಿದಿರಿನ ಚೌಕಟ್ಟನ್ನು ಹೊತ್ತು, ಕಿಂಡಿಯಿಂದ ನೋಡಿಕೊಂಡು ಕುಣಿಯುವ ಒಬ್ಬ ಮನುಷ್ಯ ಇರುತ್ತಾನೆ. ಇಂಜಿನಿಯರಿಂಗ್ ಓದಿದ ನಮ್ಮ ಕಣ್ಣಿಗೆ ಎರಡರ ತೊಂದರೆಯೂ ಒಂದೇ: ಭಾರ ಮೇಲಿದ್ದರೆ ಮುಗ್ಗರಿಸುವ ಭಯ, ಗಾಳಿಯಾಡದಿದ್ದರೆ ಸೆಕೆ, ಕಿಂಡಿ ಚಿಕ್ಕದಾದರೆ ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ಕಾಣುವುದಿಲ್ಲ. 2003ರ ಜುಲೈ 9ರಂದು ಮಿಲ್ವಾಕೀಯಲ್ಲಿ ಪಿಟ್ಸ್‌ಬರ್ಗ್ ತಂಡದ ಆಟಗಾರ ರಾಂಡಲ್ ಸೈಮನ್ ಓಡುತ್ತಿದ್ದ ಇಟಾಲಿಯನ್ ಸಾಸೇಜ್‌ಗೆ ಬ್ಯಾಟ್ ತಗುಲಿಸಿದಾಗ, ಒಳಗಿದ್ದ ಯುವತಿ ನೆಲಕ್ಕೆ ಬಿದ್ದಳು. ಆತನಿಗೆ 432 ಡಾಲರ್ ದಂಡ, ಮೂರು ಪಂದ್ಯಗಳ ನಿಷೇಧ. ಸಾಸೇಜ್ ಬಿತ್ತು ಅಂತ ನಕ್ಕವರಿಗೂ ಒಳಗೆ ಜೀವ ಇದೆ ಅಂತ ಆಮೇಲೆ ನೆನಪಾಗಿರಬೇಕು.

ನಮ್ಮ ಸಂಘದಲ್ಲಿ ಯಾರು ಓಡಬೇಕು?

ವಸಂತದ ಪಿಕ್‌ನಿಕ್‌ಗೆ ನಾವೂ ಇಂಥ ಓಟ ಇಟ್ಟುಕೊಳ್ಳಬಹುದು. ಹಗುರವಾದ ರಟ್ಟು, ಫೋಮ್, ಭುಜಕ್ಕೆ ಪಟ್ಟಿ, ಅಗಲವಾದ ಕಿಂಡಿ, ಜೊತೆಗೆ ಓಡಲು ವೇಷವಿಲ್ಲದ ಒಬ್ಬ ಗೆಳೆಯ. ಇಷ್ಟಿದ್ದರೆ ಸಾಕು. ಕಷ್ಟ ಇರುವುದು ಆಯ್ಕೆಯಲ್ಲಿ. ಮಸಾಲೆ ದೋಸೆ, ಮದ್ದೂರು ವಡೆ, ಬಿಸಿಬೇಳೆಬಾತ್ ಅಂತ ಮೂರು ಓಡಿಸಿ ಮುಗಿಸಿದರೆ ಕಲಬುರಗಿಯ ಗೆಳೆಯರು ಯಾರಿಗೆ ಚಪ್ಪಾಳೆ ಹೊಡೀಬೇಕು? ಜೋಳದ ರೊಟ್ಟಿ, ಬೆಳಗಾವಿ ಕುಂದಾ, ನೀರುದೋಸೆ, ಕೊಡಗಿನ ಕಡಂಬುಟ್ಟು ಎಲ್ಲಿ? ಅಡುಗೆಯ ಪಟ್ಟಿ ಹಾಕುವಾಗಲೂ, ನಾಟಕಕ್ಕೆ ಭಾಷೆಯ ಧಾಟಿ ಆರಿಸುವಾಗಲೂ ನಮ್ಮ ಸಂಘದಲ್ಲಿ ಏಳುವ ಪ್ರಶ್ನೆಯೇ ಇದು. ಮಿಲ್ವಾಕೀಯವರು ಮೂರಕ್ಕೇ ನಿಲ್ಲಿಸದೆ ಐದನೆಯವರಿಗೂ ಜಾಗ ಮಾಡಿದರು. ಟ್ರ್ಯಾಕ್ ಅಗಲ ಮಾಡೋದು ನಮಗೂ ಕಷ್ಟವಲ್ಲ. ನಿಮ್ಮೂರಿನ ಯಾವ ತಿಂಡಿ ಓಡಬೇಕು ಅಂತ ಹೇಳಿ, ರಟ್ಟು ಕತ್ತರಿಸೋಕೆ ನಾವಿದ್ದೀವಿ.