ಬಾಯಿ ತೆರೆಸಿ ನೋಡದೆ ಹೋದ ದಿನಗಳು

ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯನಾಗಿ ಇಪ್ಪತ್ತು ವರ್ಷ ದಾಟಿತು. ಕ್ಯಾಂಡಿಡಾ ಎಂಬ ಶಿಲೀಂಧ್ರ ಅನೇಕರ ಬಾಯಲ್ಲಿ ಯಾವ ತಂಟೆಯೂ ಮಾಡದೆ ಇರುತ್ತದೆ. ಎಚ್‌ಐವಿ, ಕಿಮೋಥೆರಪಿ, ಅಂಗಾಂಗ ಕಸಿಯ ನಂತರದ ಮಾತ್ರೆ, ಸ್ಟಿರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವುಗಳಿಂದ ದೇಹದ ಕಾವಲು ಸಡಿಲವಾದಾಗ ಬೆಳೆದು ಹರಡುತ್ತದೆ. ಇಷ್ಟು ನನಗೆ ಓದುವಾಗಲೇ ಗೊತ್ತಿತ್ತು. ಉಳಿದದ್ದನ್ನು ಕಲಿತದ್ದು ರೋಗಿಗಳಿಂದ. ಅದಕ್ಕೆ ಬೆಲೆ ತೆತ್ತವರೂ ಅವರೇ.

1. ಮೂರು ಸಲ ಬಿ ಕಾಂಪ್ಲೆಕ್ಸ್ ಬರೆದುಕೊಟ್ಟೆ

2005ರಲ್ಲಿ ಒಬ್ಬ ಟೇಲರ್ ಬಂದಿದ್ದ. "ಸರ್, ಬಾಯಾಗ ಉರಿ ಹತ್ತೈತ್ರಿ, ರೊಟ್ಟಿ ತಿನ್ನಾಕ ಆಗವಲ್ದು. ಉಷ್ಣ ಆಗಿರಬೇಕ್ರಿ" ಎಂದ. ಹೊರಗೆ ಸಾಲು ಬೆಳೆದಿತ್ತು. ಉಷ್ಣವೇ ಇರಬೇಕು ಎಂದು ನಾನೂ ಒಪ್ಪಿ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲು ಬೋರೋಗ್ಲಿಸರಿನ್ ಬರೆದೆ. ಮತ್ತೆರಡು ಸಲ ಬಂದಾಗಲೂ ಅದನ್ನೇ ಬರೆದೆ. ನಾಲ್ಕನೆಯ ಸಲ ಹೆಂಡತಿ ತೋಳು ಹಿಡಿದು ಕರೆತಂದಳು. ತನ್ನ ಅಂಗಿಯನ್ನು ತಾನೇ ಎರಡು ಸಲ ಹಿಡಿಸಿ ಹೊಲಿದುಕೊಂಡಿದ್ದಾನೆ ಎಂದು ಹೇಳಿದವಳೂ ಅವಳೇ. ಆಗ ಬ್ಯಾಟರಿ ಹಿಡಿದು ನೋಡಿದೆ. ಅಂಗುಳು, ಕೆನ್ನೆಯ ಒಳಭಾಗ, ಗಂಟಲವರೆಗೂ ಒಡೆದ ಮೊಸರು ಮೆತ್ತಿದಂತಿತ್ತು.

ಎಚ್‌ಐವಿ ಇತ್ತು. ದೇಹದ ಕಾವಲಿನ ಕಣಗಳಾದ ಸಿಡಿ4 ಎಣಿಕೆ 41. 200ಕ್ಕಿಂತ ಕೆಳಗಿಳಿದರೇ ಅಪಾಯ. ಅವನು ಅದಕ್ಕೂ ಬಹಳ ಕೆಳಗಿದ್ದ. ಸರ್ಕಾರ ಎಚ್‌ಐವಿ ಹತೋಟಿಗೆ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಆದರೆ ಅದು ಸಿಗುತ್ತಿದ್ದ ಆಸ್ಪತ್ರೆಗಳು ಆಗಿನ್ನೂ ಬೆರಳೆಣಿಕೆಯಷ್ಟು. ಕಾಗದಪತ್ರ ಸಿದ್ಧವಾಗುವ ಮೊದಲೇ ಕ್ಷಯ ಅವನನ್ನು ಒಯ್ದಿತು. ಮೊದಲ ಭೇಟಿಗೂ ನಾಲ್ಕನೆಯದಕ್ಕೂ ನಡುವೆ ಐದು ತಿಂಗಳಿದ್ದವು. ಆ ಐದು ತಿಂಗಳನ್ನು ಕಳೆದವನು ನಾನು. ಈಗ ವಯಸ್ಕರ ಬಾಯಲ್ಲಿ ಕಾರಣವಿಲ್ಲದೆ ಈ ಬಿಳುಪು ಕಂಡರೆ ಔಷಧದ ಜೊತೆಗೆ ಸಕ್ಕರೆ ಪರೀಕ್ಷೆ ಮಾಡಿಸುತ್ತೇನೆ, ಒಪ್ಪಿಗೆ ಪಡೆದು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುತ್ತೇನೆ.

2. ನುಂಗುವಾಗ ನೋವಿದೆಯೇ ಎಂದು ಕೇಳಲಿಲ್ಲ

ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ಕೊಟ್ಟು ಕಳುಹಿಸಿದ ಹೆಣ್ಣುಮಗಳೊಬ್ಬಳು ವಾರದ ನಂತರ ನೀರೂ ಇಳಿಯದೆ ನಿತ್ರಾಣಳಾಗಿ ಬಂದಳು. ಸೋಂಕು ಅನ್ನನಾಳಕ್ಕೆ ಇಳಿದಿತ್ತು. ಹಚ್ಚುವ ಔಷಧ ಅಲ್ಲಿಗೆ ತಲುಪುವುದಿಲ್ಲ. ಬಾಯಿಯ ಸೋಂಕಿಗೆ ನುಂಗುವ ಫ್ಲುಕೊನಜೋಲ್ ಮಾತ್ರೆ ಸಾಮಾನ್ಯವಾಗಿ 7ರಿಂದ 14 ದಿನ ಸಾಕು. ಅನ್ನನಾಳಕ್ಕೆ ಪ್ರಮಾಣವೂ ಹೆಚ್ಚು ಬೇಕು, 14ರಿಂದ 21 ದಿನವೂ ಬೇಕು. "ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆಯೇ?" ಎಂಬ ಒಂದು ಪ್ರಶ್ನೆ ಕೇಳಿದ್ದರೆ ಅವಳು ಆ ವಾರ ಉಪವಾಸ ಬೀಳುತ್ತಿರಲಿಲ್ಲ.

3. ಬಿಳುಪನ್ನೇ ಹುಡುಕುತ್ತಿದ್ದೆ

ಕಿಮೋ ತೆಗೆದುಕೊಳ್ಳುತ್ತಿದ್ದ ಅಜ್ಜಿಯೊಬ್ಬರಿಗೆ ಬಾಯಿಯೆಲ್ಲ ಉರಿ. ನೋಡಿದರೆ ಒಂದು ಬಿಳಿ ಚುಕ್ಕೆಯೂ ಇಲ್ಲ. ಕಿಮೋದ ಉರಿ ಎಂದುಕೊಂಡೆ. ಅವರ ಹಲ್ಲುಸೆಟ್ ತೆಗೆಸಿ ನೋಡಿದವರು ನಮ್ಮ ವಾರ್ಡಿನ ಸಿಸ್ಟರ್. ಅಂಗುಳು ಕೆಂಪಾಗಿತ್ತು, ಆ ಕೆಂಪು ಸರಿಯಾಗಿ ಹಲ್ಲುಸೆಟ್ಟಿನ ಅಳತೆಗೇ ಇತ್ತು. ಕ್ಯಾಂಡಿಡಾ ಕೆಂಪಾಗಿಯೂ ಬರುತ್ತದೆ, ತುಟಿಯ ಮೂಲೆ ಒಡೆದೂ ಬರುತ್ತದೆ. ಔಷಧ ಕೊಟ್ಟೆ, ವಾಸಿಯಾಯಿತು, ತಿಂಗಳಲ್ಲಿ ಮರಳಿತು. ಅಜ್ಜಿ ರಾತ್ರಿಯೂ ಹಲ್ಲುಸೆಟ್ ಹಾಕಿಕೊಂಡೇ ಮಲಗುತ್ತಿದ್ದರು. ತೆಗೆದಿಟ್ಟು, ಉಜ್ಜಿ ತೊಳೆದು, ನೆನೆಸಿಡಬೇಕೆಂದು ನಾನು ಹೇಳಿರಲೇ ಇಲ್ಲ. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆದವರು ಪ್ರತಿಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು ಎಂಬುದನ್ನೂ ನಾನು ಹೀಗೆಯೇ ಎಷ್ಟೋ ಜನರಿಗೆ ಹೇಳದೆ ಬಿಟ್ಟಿದ್ದೇನೆ.

4. ಒರೆಸಿದರೆ ಹೋಗದ ಬಿಳುಪು ಬೇರೆಯದಿರಬಹುದು

ಕ್ಯಾಂಡಿಡಾದ ಬಿಳಿ ಪದರವನ್ನು ಗಾಜ್ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪು ಕಾಣುತ್ತದೆ, ಕೆಲವೊಮ್ಮೆ ರಕ್ತ ಜಿನುಗುತ್ತದೆ. ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕುವ ನಮ್ಮ ಸೀಮೆಯಲ್ಲಿ ಏಳದ ಬಿಳಿ ಮಚ್ಚೆಗಳೂ ಸಾಕಷ್ಟಿವೆ. ಅಂಥ ಒಂದಕ್ಕೆ ಮೂರು ವಾರ ಫಂಗಸ್ ಔಷಧ ಕೊಟ್ಟಿದ್ದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಈಗ ಮೊದಲು ಒರೆಸಿ ನೋಡುತ್ತೇನೆ.

5. ಚೀಟಿಯ ಉಳಿದ ಸಾಲುಗಳನ್ನು ಓದಲಿಲ್ಲ

ಕಿಡ್ನಿ ಕಸಿ ಮಾಡಿಸಿಕೊಂಡಿದ್ದ ಯುವಕನ ನಾಲಿಗೆ ನೋಡಿ ಫ್ಲುಕೊನಜೋಲ್ ಬರೆದೆ. ಅವನು ಕಸಿಯನ್ನು ಕಾಪಾಡುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ದಿನವೂ ನುಂಗುತ್ತಿದ್ದ. ಫ್ಲುಕೊನಜೋಲ್ ಜೊತೆಗಿದ್ದರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಐದನೆಯ ದಿನ ಕೈ ನಡುಕ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮೇಲಕ್ಕೆ. ತಾಯಿ ಕೊಟ್ಟ ಕಿಡ್ನಿ ಅದು. ಪುಣ್ಯಕ್ಕೆ ಉಳಿಯಿತು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆಗೂ ಇದೇ ತೊಂದರೆ. ಈಗ ರೋಗಿ ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ನೋಡುತ್ತೇನೆ, ಹೆಂಗಸರಾದರೆ ಗರ್ಭಿಣಿಯೇ ಎಂದೂ ವಿಚಾರಿಸುತ್ತೇನೆ.

6. ಮರಳಿ ಬಂದಾಗ ಗದರಿಸಿದೆ

ಎಆರ್‌ಟಿಯಿಂದ ಚೇತರಿಸಿಕೊಂಡಿದ್ದ ಒಬ್ಬಾಕೆ ಎರಡು ವರ್ಷದ ನಂತರ ಮತ್ತೆ ಬಿಳಿ ನಾಲಿಗೆ ಹೊತ್ತು ಬಂದಳು. ಮಾತ್ರೆ ಬಿಟ್ಟಿದ್ದಾಳೆಂದು ಗೊತ್ತಾಗಿ ಎಲ್ಲರೆದುರು ಬೈದೆ. ಅವಳು ತಲೆ ತಗ್ಗಿಸಿ ಹೋದಳು. ಆರು ತಿಂಗಳು ಬರಲೇ ಇಲ್ಲ. ಕೌನ್ಸೆಲರ್ ಹುಡುಕಿಕೊಂಡು ಹೋದಾಗ ಸಂಗತಿ ತಿಳಿಯಿತು. ಅವಳ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರು ಹತ್ತಾರು ಜನ ಒಂದೇ ಶೆಡ್ಡಿನಲ್ಲಿದ್ದರು. ಅಲ್ಲಿ ಮಾತ್ರೆಯ ಡಬ್ಬಿ ಯಾರಿಗಾದರೂ ಕಂಡೀತೆಂಬ ಭಯಕ್ಕೆ ಮನೆಯಲ್ಲೇ ಬಿಟ್ಟುಹೋಗಿದ್ದಳು. ಮಾತ್ರೆಯನ್ನು ಲೇಬಲ್ ಇಲ್ಲದ ಚಿಕ್ಕ ಡಬ್ಬಿಗೆ ಹಾಕಿಕೊಳ್ಳುವುದನ್ನೂ, ಊರು ಬಿಡುವ ಮೊದಲು ಹೆಚ್ಚಿನ ತಿಂಗಳಿಗಾಗುವಷ್ಟು ಕೇಳಿ ಪಡೆಯುವುದನ್ನೂ ಕೌನ್ಸೆಲರ್ ಅವಳಿಗೆ ಹೇಳಿಕೊಟ್ಟರು. ಅದು ನಾನು ಮಾಡಬೇಕಿದ್ದ ಕೆಲಸ. ಈಗ ಆಕೆ ತಪ್ಪದೆ ಬರುತ್ತಾಳೆ. ನಾನು ಕ್ಷಮೆ ಕೇಳಿದ್ದೇನೆ. ಅವಳು ಉತ್ತರ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ.

ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ, ವಾರಕ್ಕೊಮ್ಮೆ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿ. ಬಿಳಿ ಪದರ, ಉರಿ, ರುಚಿ ಕೆಟ್ಟಿರುವುದು ಕಂಡರೆ ವೈದ್ಯರಿಗೆ ತೋರಿಸಿ. ನುಂಗಲು ನೋವಿದ್ದರೆ ಅಂದೇ ಹೊರಡಿ. ಎಚ್‌ಐವಿ ಪರೀಕ್ಷೆಯೂ ಎಆರ್‌ಟಿ ಮಾತ್ರೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಸಹಾಯವಾಣಿಯ ಸಂಖ್ಯೆ 1097.