ಗಂಜೀಫಾ ಎಲೆಗಳನ್ನು ಊರು ದಾಟಿಸುವಾಗ

ದಶಾವತಾರ ಗಂಜೀಫಾ ಎಂಬ, ಚಿತ್ರ ಬರೆದ ದುಂಡನೆಯ ಆಟದೆಲೆಗಳ ಒಂದು ಸೆಟ್ಟಿನಲ್ಲಿ 120 ಎಲೆಗಳಿರುತ್ತವೆ. ಒಂದೊಂದು ಅವತಾರಕ್ಕೆ ಹನ್ನೆರಡು: ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತೆ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಅದರಲ್ಲಿ ಒಂದು ಹೋದರೂ ಉಳಿದ 119ಕ್ಕೆ ಮೊದಲಿನ ಬೆಲೆ ಬರುವುದಿಲ್ಲ. ಹೋದ ಎಲೆಯೊಂದನ್ನು ಹೊಸದಾಗಿ ಬರೆಸಿದರಾಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಬರೆಸಬಹುದು. ಆದರೆ ಗಂಜೀಫಾದಲ್ಲಿ ಎಲ್ಲ ಎಲೆಗಳ ಬೆನ್ನಿಗೂ ಒಂದೇ ಬಣ್ಣ ಬಳಿಯುವುದು, ಕೈಯಲ್ಲಿರುವ ಎಲೆ ಯಾವುದೆಂದು ಎದುರಿಗೆ ಕೂತವರಿಗೆ ಗೊತ್ತಾಗಬಾರದೆಂದು. ಹಳೆಯ ಬೆನ್ನುಗಳ ನಡುವೆ ಹೊಸ ಬೆನ್ನೊಂದು ಸೇರಿದರೆ ಮಕ್ಕಳೂ ಗುರುತು ಹಿಡಿಯುತ್ತಾರೆ.

ಮೈಸೂರಿನಿಂದ ಸಂಗ್ರಾಹಕರಿಗೆ ಈ ಎಲೆಗಳನ್ನು ಕಳಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಬಗೆಬಗೆಯ ಗಂಜೀಫಾ ಆಟಗಳನ್ನು ದಾಖಲಿಸಿಟ್ಟ ಊರು ಇದು. ನಡುವೆ ಮಂಕಾಗಿದ್ದ ಈ ಕಲೆಗೆ ರಘುಪತಿ ಭಟ್ಟರಂಥ ಕಲಾವಿದರು ಮತ್ತೆ ಜೀವ ಕೊಟ್ಟರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಕೆಲಸ ಪಾರ್ಸೆಲ್ ಗೋಡೌನಿನಲ್ಲಿ ಜಜ್ಜಿಹೋಗಬಾರದು ಎಂಬುದು ನನ್ನ ಹಟ.

ನಾನು ಕಟ್ಟುವ ಕ್ರಮ ಹೀಗಿದೆ. ಮೊದಲು ಅವತಾರವಾರು ಹತ್ತು ಕಟ್ಟುಗಳನ್ನು ಮಾಡುತ್ತೇನೆ. ಎಲೆ ಮತ್ತು ಎಲೆಯ ನಡುವೆ ಆಮ್ಲರಹಿತ ಗ್ಲಾಸಿನ್ ಹಾಳೆ, ಎಲೆಗಿಂತ ಕೊಂಚ ದೊಡ್ಡದಾಗಿ ದುಂಡಗೆ ಕತ್ತರಿಸಿದ್ದು. ಇದು ತೀರಾ ಮುಖ್ಯ. ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಲಾರಿಯ ಒಳಗಿನ ಕಾವಿಗೆ ಎಲೆಯ ಮೇಲಿನ ಅರಗಿನ ಮೆರುಗು ಮೆತ್ತಗಾಗಿ, ಒಂದರ ಮುಖ ಇನ್ನೊಂದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಬಣ್ಣ ಎದ್ದುಬರುತ್ತದೆ. ಅಡುಗೆಮನೆಯ ಬಟರ್ ಪೇಪರ್ ಹಾಕುವವರನ್ನು ಕಂಡಿದ್ದೇನೆ. ಮೇಣ ಹಚ್ಚಿದ ಹಾಳೆಯಾದರೆ ಅದೇ ಎಲೆಗೆ ಹತ್ತಿಕೊಳ್ಳುತ್ತದೆ. ದಿನಪತ್ರಿಕೆಯನ್ನಂತೂ ಹತ್ತಿರಕ್ಕೂ ತರಬಾರದು, ಅದರ ಶಾಯಿ ಇಳಿಯುತ್ತದೆ. ರಬ್ಬರ್ ಬ್ಯಾಂಡ್ ದುಂಡನೆಯ ಅಂಚನ್ನು ಕಚ್ಚಿ ಗೀರು ಬೀಳಿಸುತ್ತದೆ. ಒಂದೊಂದು ಕಟ್ಟನ್ನೂ ಗಂಜಿ ಹೋಗುವಂತೆ ಒಗೆದ ಮಲ್ಮಲ್ ಬಟ್ಟೆಯಲ್ಲಿ ಸುತ್ತಿ, ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟುತ್ತೇನೆ.

ಗಂಜೀಫಾ ಜೊತೆಗೆ ಬರುವ ಮರದ ಪೆಟ್ಟಿಗೆಗೆ ಜಾರುವ ಮುಚ್ಚಳ ಇರುತ್ತದೆ, ಅದರ ಮೇಲೂ ಚಿತ್ತಾರ. ಮುಚ್ಚಳ ಜಾರದಿರಲೆಂದು ಸೆಲ್ಲೋಟೇಪ್ ಅಂಟಿಸಿದರೆ ತೆಗೆಯುವಾಗ ಚಿತ್ತಾರವೂ ಕಿತ್ತು ಬರುತ್ತದೆ. ಅದಕ್ಕೂ ಹತ್ತಿಯ ಪಟ್ಟಿಯೇ ಸರಿ. ಆಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರೊಳಗೆ ಸಿಲಿಕಾ ಜೆಲ್‌ನ ಒಂದು ಪುಟ್ಟ ಪೊಟ್ಟಣ. ಮಳೆಗಾಲವೆಂದು ನಾಲ್ಕೈದು ಪೊಟ್ಟಣ ತುರುಕಬಾರದು. ತೇವ ಪೂರ್ತಿ ಹೀರಿಹೋದರೂ ಎಲೆ ಬಾಗುತ್ತದೆ. ಬಬಲ್ ರ‍್ಯಾಪ್ ಬರುವುದು ಇಷ್ಟೆಲ್ಲ ಆದ ಮೇಲೆ. ಅದು ನೇರವಾಗಿ ಮೆರುಗಿಗೆ ತಾಗಿದರೆ ಗುಳ್ಳೆಗಳ ಅಚ್ಚು ಮೂಡಿಬಿಡುತ್ತದೆ. ಒಂದು ರಟ್ಟಿನ ಪೆಟ್ಟಿಗೆ, ಅದರ ಹೊರಗೆ ಐದು ಪದರದ ಇನ್ನೊಂದು, ಎರಡರ ನಡುವೆ ಸುತ್ತಲೂ ಎರಡು ಅಂಗುಲದಷ್ಟು ತುಂಬು. ಕೊನೆಗೆ ಎತ್ತಿ ಅಲ್ಲಾಡಿಸಿದಾಗ ಒಳಗೇನೂ ಕದಲಬಾರದು. ಹೊರಗೆ ಹೆಸರು, ವಿಳಾಸ ಬಿಟ್ಟು ಬೇರೇನೂ ಬೇಡ. ಬೆಲೆಬಾಳುವ ವಸ್ತು ಎಂದು ಬರೆಯುವುದು ಕಳ್ಳನಿಗೆ ಕರೆಯೋಲೆ.

ಇಷ್ಟೆಲ್ಲ ಮಾಡಿ ಕಳಿಸಿದ ಒಂದು ಸೆಟ್ಟು ಪುಣೆಯಲ್ಲಿ ಒಡೆದ ಪೆಟ್ಟಿಗೆಯಾಗಿ ಇಳಿಯಿತು. ಭಾರದ ಯಂತ್ರದ ಭಾಗವೊಂದು ಮೇಲೆ ಬಿದ್ದಿತ್ತಂತೆ. ವರಾಹದ ರಾಜನ ಎಲೆ ನಡುವಿನಲ್ಲೇ ಸೀಳಿತ್ತು, ಉಳಿದವು ಸುರಕ್ಷಿತ. ಪ್ಯಾಕಿಂಗ್ ಚೆನ್ನಾಗಿದೆ ಎಂದು ಸರ್ವೇಯರ್ ಬರೆದುಕೊಟ್ಟರು, ವಿಮೆಯೂ ಊರ್ಜಿತವಿತ್ತು. ಆದರೂ ಕೈಗೆ ಬಂದದ್ದು ಒಂದು ಎಲೆಯ ದುಡ್ಡು. "ಸಾರ್, 120ರಲ್ಲಿ 119 ಚೆನ್ನಾಗಿವೆಯಲ್ಲ, ಪಾಲಿಸಿಯಲ್ಲಿ ಇರೋದೇ ಹೀಗೆ" ಎಂದರು ಕಂಪನಿಯವರು. ಪೇರ್ ಅಂಡ್ ಸೆಟ್ ಎಂಬ ಕಲಮು ಅದು: ಜೊತೆಯಲ್ಲಿ ಒಂದು ಹಾಳಾದರೆ ಪರಿಹಾರ ಆ ಒಂದರ ಪಾಲಿಗೆ ಮಾತ್ರ, ಜೊತೆ ಮುರಿದದ್ದರಿಂದ ಕುಸಿದ ಬೆಲೆಗೆ ಅಲ್ಲ. ಸೆಟ್ಟಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಎಲೆಗೆ 500 ರೂಪಾಯಿ ಬರುತ್ತದೆ. ರಾಜನಿಗೂ ಅಷ್ಟೇ, ಎರಡರ ಎಲೆಗೂ ಅಷ್ಟೇ. ಗಂಜೀಫಾದಂಥ ವಸ್ತುವಿಗೆ ಈ ಲೆಕ್ಕ ಅನ್ಯಾಯ ಎಂದು ನಾನು ಈಗಲೂ ಹೇಳುತ್ತೇನೆ.

ಈಗ ಪ್ರೀಮಿಯಂ ಕಟ್ಟುವ ಮೊದಲೇ ಆ ಕಲಮಿನ ಬಗ್ಗೆ ಕೇಳುತ್ತೇನೆ. ತೆಗೆಯಲು ಒಪ್ಪುವ ಕಂಪನಿಗಳಿವೆ, ಪ್ರೀಮಿಯಂ ಸ್ವಲ್ಪ ಏರುತ್ತದೆ. ಒಪ್ಪದಿದ್ದರೆ ರಾಜರಿಗೂ ಮಂತ್ರಿಗಳಿಗೂ ಹೆಚ್ಚಿನ ಬೆಲೆ, ಎಣಿಕೆಯ ಎಲೆಗಳಿಗೆ ಕಡಿಮೆ ಬೆಲೆ ಎಂದು ಪಟ್ಟಿ ಮಾಡಿ ಪಾಲಿಸಿಗೆ ಲಗತ್ತಿಸಿ ಎನ್ನುತ್ತೇನೆ. ಒಟ್ಟು ಮೊತ್ತವೂ ಮೊದಲೇ ಒಪ್ಪಿದ ಬೆಲೆಯಾಗಿ ಪಾಲಿಸಿಯಲ್ಲಿ ನಮೂದಾಗಬೇಕು. ಇಲ್ಲವಾದರೆ ಹಾನಿಯಾದ ಮೇಲೆ ಬೆಲೆಯ ಬಗ್ಗೆ ವಾದ ಶುರುವಾಗುತ್ತದೆ. ಸಾಗಣೆ ವಿಮೆಯಲ್ಲಿ ಪ್ಯಾಕಿಂಗ್ ಸಾಲದೆ ಆದ ಹಾನಿ, ತಡವಾದದ್ದರಿಂದ ಆದ ನಷ್ಟ, ವಸ್ತುವಿನ ಸ್ವಭಾವದಿಂದಲೇ ಆದ ಕೆಡುಕು ಸಾಮಾನ್ಯವಾಗಿ ಹೊರಗೆ. ಬಿಸಿಲಿಗೆ ಅಂಟಿಕೊಂಡ ಎಲೆಯನ್ನು ಈ ಮೂರನೆಯದಕ್ಕೆ ಸೇರಿಸಿಬಿಡುತ್ತಾರೆ. ಹಾಗಾಗಿ ಹಾಳೆ ಹಾಕಿದ್ದು, ಸುತ್ತಿದ್ದು, ತುಂಬಿದ್ದು ಎಲ್ಲದರ ಫೋಟೊ ಹಂತಹಂತವಾಗಿ ಇಟ್ಟುಕೊಳ್ಳುತ್ತೇನೆ.

ಕೊರಿಯರ್ ಬುಕಿಂಗ್‌ನಲ್ಲಿ ಓನರ್ಸ್ ರಿಸ್ಕ್, ಕ್ಯಾರಿಯರ್ಸ್ ರಿಸ್ಕ್ ಎಂಬ ಎರಡು ಚೌಕಗಳು ಕಾಣುತ್ತವೆ. ಅವಸರದಲ್ಲಿ ಮೊದಲನೆಯದಕ್ಕೆ ಗುರುತು ಬಿದ್ದರೆ ಹೊಣೆ ನಮ್ಮದೇ. ರಸೀದಿಯ ಹಿಂಬದಿಯ ಸಣ್ಣಕ್ಷರವೂ ಬರೀ ಅಲಂಕಾರವಲ್ಲ. ಭಾರತಿ ನಿಟ್ಟಿಂಗ್ ಕಂಪನಿ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ರಸೀದಿಯಲ್ಲಿ ಹೊಣೆ 100 ಡಾಲರ್ ಎಂದಿದ್ದರೆ ಪರಿಹಾರವೂ ಅಷ್ಟೇ ಎಂಬುದನ್ನು ಎತ್ತಿಹಿಡಿಯಿತು. ಅಂಚೆಯಲ್ಲೂ ಬರೀ ಸ್ಪೀಡ್ ಪೋಸ್ಟ್ ಮಾಡಿ ಕಳೆದುಹೋದರೆ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ವಿಮೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು, ಅದಕ್ಕೂ ಮಿತಿಯಿದೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿರುವುದರಿಂದ, ಹಳೆಯ ರೂಢಿಯ ಮೇಲೆ ಹೋಗದೆ ಕೌಂಟರಿನಲ್ಲಿ ವಿಚಾರಿಸಿಯೇ ಕಟ್ಟಿ.

ಹೊರದೇಶದ ಮಾತು ಬೇರೆ. ಅಜ್ಜನ ಕಾಲದ ಎಲೆಗಳನ್ನು ಅಮೆರಿಕದಲ್ಲಿರುವ ಮಗನಿಗೆ ಕಳಿಸಿಕೊಡಿ ಎಂದು ಹಿರಿಯರೊಬ್ಬರು ನನ್ನಲ್ಲಿಗೆ ಬಂದಿದ್ದರು. "ಕಳಿಸೋ ಹಾಗಿಲ್ಲ ಯಜಮಾನರೆ" ಎನ್ನಬೇಕಾಯಿತು. 100 ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ಒಳಗೆ ಬರುತ್ತದೆ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ದಂತದ ಮೇಲೆ ಬರೆದ ಹಳೆಯ ಎಲೆಗಳ ವ್ಯಾಪಾರವಂತೂ ದೇಶದೊಳಗೂ ನಿಷಿದ್ಧ. ಹೊಸ ಎಲೆಗಳೇ ಆದರೂ ನೋಡಲು ಹಳೆಯದರಂತಿದ್ದರೆ ಕಸ್ಟಮ್ಸ್‌ನವರು ತಡೆಯುತ್ತಾರೆ. ಪ್ರಾಚ್ಯವಸ್ತು ಅಲ್ಲವೆಂಬ ಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿಡುವುದು ಮೇಲು. ಸುಂಕ ಉಳಿಸಲು ಬೆಲೆ ಕಡಿಮೆ ತೋರಿಸಿ ಎಂದು ಕೊಳ್ಳುವವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಸುಳ್ಳು ಘೋಷಣೆ. ಹಾನಿಯಾದಾಗ ವಿಮೆಯವರು ಎದುರಿಗೆ ಇಡುವುದೂ ಅದೇ ಕಾಗದವನ್ನು.

ಗಂಜೀಫಾ ಬರೆಯುವವರಲ್ಲೂ ಮಾರುವವರಲ್ಲೂ ನನ್ನದೊಂದು ಕೋರಿಕೆ. ಪ್ರತಿ ಸೆಟ್ಟಿಗೂ ಎಲೆಪಟ್ಟಿ ಮಾಡಿ: ಅವತಾರ, ಎಲೆ, ಅದರ ಬೆಲೆ, ಮುಂದೆ ಹಿಂದೆ ಎರಡೂ ಕಡೆಯ ಫೋಟೊ. ಒಂದು ಪ್ರತಿ ನಿಮ್ಮಲ್ಲಿರಲಿ, ಒಂದು ವಿಮೆಯವರಿಗೆ, ಒಂದು ಕೊಳ್ಳುವವರಿಗೆ. ಪೆಟ್ಟಿಗೆ ತಲುಪಿದ ದಿನವೇ ವಿಡಿಯೊ ಮಾಡುತ್ತ ಬಿಚ್ಚಿ, ಪಟ್ಟಿಯ ಪ್ರಕಾರ ಎಣಿಸಿ ತಿಳಿಸುವಂತೆ ಅವರಿಗೆ ಮೊದಲೇ ಹೇಳಿಡಿ.