ಶೆಡ್ಡಿನವರ ಕುಡಿಯುವ ನೀರು: ಕ್ಯಾನ್ ತರಿಸಿದರಷ್ಟೇ ಸಾಲದು

ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿಯಲ್ಲಿ ಮನೆ ಏಳುತ್ತಿದೆಯೆಂದರೆ ಪಕ್ಕದಲ್ಲೊಂದು ತಗಡಿನ ಶೆಡ್ ಇರುತ್ತದೆ. ಯಾದಗಿರಿ, ರಾಯಚೂರು ಕಡೆ ಹೊಲದ ಕೆಲಸ ಮುಗಿಸಿ ಗುಳೆ ಬಂದ ಕುಟುಂಬಗಳು ಅಲ್ಲಿ ತಂಗುತ್ತವೆ. ಗೋಡೆಗೆ ಹೊಡೆಯುವ ನೀರನ್ನೇ ಕುಡಿಯಲೂ ಬಿಟ್ಟು ಸುಮ್ಮನಿರುವ ಮಾಲೀಕರಿದ್ದಾರೆ. ಕುಡಿಯಲು ಯೋಗ್ಯ ನೀರು ಒದಗಿಸುವುದು ಕೆಲಸ ಕೊಟ್ಟವರ ಹೊಣೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಮೇಸ್ತ್ರಿ ನೋಡಿಕೊಳ್ಳುತ್ತಾನೆ ಎಂದು ಕೈತೊಳೆದುಕೊಳ್ಳಬೇಡಿ.

ಮೊದಲು ನೀರು ಬೇರೆ ಮಾಡಿ. ಸಂಪಿನ ಟ್ಯಾಂಕರ್ ನೀರು ಕ್ಯೂರಿಂಗಿಗಿರಲಿ. ಕುಡಿಯಲು ಕಾವೇರಿ ನಲ್ಲಿ, ಇಲ್ಲವಾದರೆ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ಕ್ಯಾನ್. ಬಿಸಿಲಲ್ಲಿ ದುಡಿಯುವವರಿಗೆ ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ ಹಿಡಿಯಿರಿ, ಅಡುಗೆಗೆ ಬೇರೆ. ಬೋರ್‌ವೆಲ್ ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ.

ಎಡವಟ್ಟಾಗುವುದು ಇದಾದ ಮೇಲೆ. ಕ್ಯಾನ್ ನೀರನ್ನು ತೆರೆದ ಬಕೆಟ್ಟಿಗೆ ಸುರಿಯುತ್ತಾರೆ, ಮಣ್ಣಲ್ಲಿ ಆಡುತ್ತಿದ್ದ ಮಗು ಬಂದು ಚೊಂಬು ಅದ್ದುತ್ತದೆ. ನಲ್ಲಿ ನೀರಿಗಾದರೂ ಅಷ್ಟಿಷ್ಟು ಕ್ಲೋರಿನ್ ಕಾವಲಿದೆ. ಘಟಕದ ಆರ್‌ಓ ನೀರಿಗೆ ಅದೂ ಇಲ್ಲ. ಕೈಯ ಕೊಳೆ ಒಮ್ಮೆ ಸೇರಿತೆಂದರೆ ತಡೆಯುವವರಿಲ್ಲ, ಕಾಸು ಕೊಟ್ಟು ತಂದ ನೀರೇ ಭೇದಿ ತರುತ್ತದೆ. ಉದ್ದ ಹಿಡಿಯ ಸೌಟು ಕೊಟ್ಟರೆ ಸಾಕೆನ್ನುವವರುಂಟು. ಆ ಸೌಟು ನೆಲದ ಮೇಲೆ ಬಿದ್ದಿರುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಬಿಗಿ ಮುಚ್ಚಳದ, ತಳದಲ್ಲಿ ನಲ್ಲಿಯಿರುವ ಡ್ರಮ್ ಕೊಡಿಸಿ. ಕೆಳಗೆ ಚೊಂಬು ಹಿಡಿಯುವಷ್ಟು ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಅದರ ಮೇಲಿಡಿ. ಪೇಂಟ್ ಡಬ್ಬ, ರಾಸಾಯನಿಕ ತುಂಬಿದ್ದ ನೀಲಿ ಡ್ರಮ್ ಎಷ್ಟೇ ತೊಳೆದರೂ ಬೇಡ. ಕ್ಯಾನಿನ ಒಳಗೋಡೆಗೆ ಬೆರಳಾಡಿಸಿ ನೋಡಿ: ಲೋಳೆ ಸಿಕ್ಕರೆ ಬ್ರಷ್ ಹಾಕಿ ಉಜ್ಜದೆ ತುಂಬಬಾರದು.

ಟ್ಯಾಂಕರ್ ನೀರೇ ಗತಿಯಾದರೆ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ. ಪೊಟ್ಟಣದ ಮೇಲೆ ಬರೆದ ಅಳತೆಯಷ್ಟೇ ಹಾಕಿ, ಅರ್ಧ ಗಂಟೆ ಕಾಯಿರಿ. ಕಲಕಿದ ಕೂಡಲೇ ಕುಡಿದರೆ ಮಾತ್ರೆ ದಂಡ. ವಾಸನೆಗೆ ಮೂಗು ಮುರಿಯುವವರಿಗೆ ಕಾರಣ ಬಿಡಿಸಿ ಹೇಳಿ, ಇಲ್ಲದಿದ್ದರೆ ಚೆಲ್ಲುತ್ತಾರೆ.

ಉಳಿದದ್ದು ಚುಟುಕಾಗಿ: ಡ್ರಮ್ ಶೌಚಾಲಯದಿಂದ, ಬಟ್ಟೆ ಒಗೆಯುವ ಜಾಗದಿಂದ 6 ಮೀಟರ್ ಆಚೆಗಿರಲಿ. ಭೇದಿಯಾದರೆ ಪೊಟ್ಟಣದಲ್ಲಿ ಹೇಳಿದಷ್ಟು ಶುದ್ಧ ನೀರಿಗೆ ಓಆರ್‌ಎಸ್ ಕಲಸಿ ಕುಡಿಸುತ್ತಲೇ ಇರಿ. ಮಗು ಸುಸ್ತಾಗಿ ಕಣ್ಣು ಗುಳಿಬಿದ್ದರೆ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಜಯನಗರದ ಜನರಲ್ ಆಸ್ಪತ್ರೆಗೋ ಕೂಡಲೇ ಕರೆದೊಯ್ಯಿರಿ.